ನಾಲ್ಕು ಪೌಂಡು ಗಾಳಿ

ನನ್ನ ಹೆಂಡತಿಯ ತಮ್ಮ ಯಂತ್ರಗಳ ಸದ್ದನ್ನು ಹಲ್ಲಿನಿಂದ ಆಲಿಸುತ್ತಿದ್ದ. ಬಿದಿರುಕಡ್ಡಿಯ ಒಂದು ತುದಿಯನ್ನು ಮುಂಬಲ್ಲುಗಳಲ್ಲಿ ಕಚ್ಚಿ, ಇನ್ನೊಂದನ್ನು ಓಡುವ ಯಂತ್ರದ ಮೈಗೆ ಆನಿಸಿ, ಎರಡೂ ಕಿವಿಗಳಿಗೆ ಬೆರಳಿಟ್ಟುಕೊಂಡು ಕಣ್ಣು ಮುಚ್ಚಿದನೆಂದರೆ, ಮಾತನಾಡಿಸಲು ಯಾರಿಗೂ ಧೈರ್ಯ ಬಾರದು. ವೃತ್ತಿಯಲ್ಲಿ ಅವನು ಕೃತಕ ದಂತಪಂಕ್ತಿಗಳನ್ನು ತಯಾರಿಸುವವನು. ಮನೆಯ ಮಕ್ಕಳಿಗೆಲ್ಲ ಹಲ್ಲುಮಾವ. ಪ್ಲಾಸ್ಟರಿನ ಧೂಳು ಹಿಡಿದ, ಎರಡನೆಯ ಗುಂಡಿಯಿಲ್ಲದ ಅವನ ಬಿಳಿಯ ಕೋಟಿನ ಜೇಬಿನಲ್ಲಿ ನಾಲ್ಕಾರು ಅರಗಳೂ ಯಾರದೋ ಕೆಳದವಡೆಯ ಅಚ್ಚೂ ಒಟ್ಟಿಗೇ ವಾಸವಾಗಿದ್ದವು. ಆ ಭಾರಕ್ಕೆ ಅವನ ನಡಿಗೆಯೇ ಬಲಕ್ಕೆ ವಾಲಿತ್ತು.

ನಾನು ತಾಂತ್ರಿಕ ಶಾಲೆಯಲ್ಲಿ ಮೂವತ್ತೊಂದು ವರ್ಷ ಯಂತ್ರನಕ್ಷೆ ಕಲಿಸಿದವನು, ಮಾದರಿ ಯಂತ್ರಗಳ ಸಂಘಕ್ಕೆ ಹತ್ತೊಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದವನು. ಅತಿ ಕಡಿಮೆ ಒತ್ತಡದ ಗಾಳಿಯಲ್ಲಿ ಓಡುವ ಎಂಜಿನ್ನನ್ನು ನಿರ್ಮಿಸಿದವನ ಹೆಸರನ್ನು ಸಂಘವು ಪ್ರತಿವರ್ಷವೂ ಸಭಾಂಗಣದ ತೇಗದ ಹಲಗೆಯ ಮೇಲೆ ಕೊರೆಸುತ್ತಿತ್ತು. ಆ ಹಲಗೆಯ ಧೂಳನ್ನು ಅಷ್ಟು ವರ್ಷ ಒರೆಸಿದ ನನ್ನ ಹೆಸರು ಅದರ ಮೇಲಿರಲಿಲ್ಲ. ೧೯೭೯ರ ಜೂನ್ ೪, ಸೋಮವಾರ, ನಕ್ಷೆಯ ಮೊದಲ ಗೆರೆ ಎಳೆದೆ. ೧೯೮೩ರ ನವೆಂಬರ್ ೨೦, ಭಾನುವಾರ, ನನ್ನ ಎಂಜಿನ್ ಮೊದಲ ಸುತ್ತು ತಿರುಗಿತು. ಅದಕ್ಕೆ ಚದರ ಅಂಗುಲಕ್ಕೆ ಮೂವತ್ತು ಪೌಂಡು ಒತ್ತಡ ಬೇಕಾಯಿತು.

ಹಲ್ಲುಮಾವ ಕಡ್ಡಿ ಕಚ್ಚಿ ಆಲಿಸಿ ಹೇಳಿದ: “ಭಾವ, ಪಿಸ್ಟನ್ನಿಗೆ ಉಸಿರುಗಟ್ಟಿದೆ. ಒಂಚೂರು ಸೋರಲಿ ಬಿಡಿ. ಅಷ್ಟು ಬಿಗಿಯಾಗಿ ಕೂರೋ ಹಲ್ಲನ್ನ ಯಾರೂ ಹಾಕ್ಕೊಳ್ಳಲ್ಲ.”

“ಇದು ಹಲ್ಲಲ್ಲ” ಎಂದೆ.

“ಹೌದು, ಹಲ್ಲಾಗಿದ್ರೆ ವಾಪಸ್ ತಂದ್ಕೊಡ್ತಿದ್ರು. ನಾನೂ ಒಂದು ಮಾಡ್ಲಾ ಭಾವ?”

ಮಾಡಿದ. ನಕ್ಷೆಯಿಲ್ಲ, ಅಳತೆಪಟ್ಟಿಯಿಲ್ಲ. ಪರದೆ ಕಟ್ಟುವ ಹಿತ್ತಾಳೆ ಕೊಳವೆಯ ತುಂಡು ಸಿಲಿಂಡರಾಯಿತು, ಹಳೆಯ ನಲ್ಲಿಯ ತಿರುಗಣೆ ಗಾಲಿಯಾಯಿತು. ಪೀಠವನ್ನಂತೂ ಕೃತಕ ವಸಡಿಗೆ ಬಳಸುವ ಗುಲಾಬಿ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದಿದ್ದ. ಹಲ್ಲು ಹೊಳಪಿಸುವ ಪುಡಿಯಿಂದ ಪಿಸ್ಟನ್ನನ್ನು ಉಜ್ಜುವನು, ಒಂದು ಸಂಜೆಯೆಲ್ಲ ಓಡಿಸುವನು, ಆಲಿಸುವನು, ಬಿಚ್ಚಿ ಮತ್ತೆ ಉಜ್ಜುವನು. ಹದಿನೈದು ವಾರಗಳಲ್ಲಿ ಅದು ನಾಲ್ಕು ಪೌಂಡು ಗಾಳಿಗೆ, ಸುತ್ತುಗಳನ್ನು ಎಣಿಸಬಹುದಾದಷ್ಟು ಸಾವಧಾನವಾಗಿ ತಿರುಗತೊಡಗಿತು. ನೋಡಿದ ನನ್ನ ಹೆಂಡತಿ, “ನಿಮ್ಮದು ಅರಚುತ್ತೆ ರೀ, ಇವನದು ಉಸಿರಾಡುತ್ತೆ” ಎಂದಳು. ಮೂವತ್ತಮೂರು ವರ್ಷಗಳ ದಾಂಪತ್ಯದಲ್ಲಿ ಅವಳಾಡಿದ ಯಾವ ಮಾತೂ ನನ್ನನ್ನು ಅಷ್ಟು ಸುಟ್ಟಿರಲಿಲ್ಲ.

೧೯೮೪ರ ಮಾರ್ಚ್ ೧೧, ಭಾನುವಾರ, ಸಂಘದ ವಾರ್ಷಿಕ ಸಭೆ. ಬೆಳಗಿನ ಒಂಬತ್ತೂಕಾಲಕ್ಕೆ ಸಭಾಂಗಣದಲ್ಲಿದ್ದವು ಎರಡು ಎಂಜಿನ್ನುಗಳು ಮತ್ತು ಬೀಗದ ಕೈ ಹಿಡಿದ ನಾನು. ಸಿಲಿಂಡರಿಗೆ ಗಾಳಿ ಯಾವ ಕ್ಷಣದಲ್ಲಿ ನುಗ್ಗಬೇಕೆಂಬುದನ್ನು ನಿರ್ಧರಿಸುವ ಪುಟ್ಟ ಬಿಲ್ಲೆಯೊಂದು ಗಾಲಿಯ ಅಚ್ಚಿನ ಮೇಲೆ ಒಂದೇ ತಿರುಪಿನ ಆಧಾರದಲ್ಲಿರುತ್ತದೆ. ಅವನ ಎಂಜಿನ್ನಿನ ಆ ತಿರುಪನ್ನು ಸಡಿಲಿಸಿದೆ. ಬಿಲ್ಲೆಯನ್ನು ಹಿಂದಕ್ಕೆ ಸರಿಸಿದೆ. ತಿರುಪನ್ನು ಮೊದಲಿನಂತೆಯೇ ಬಿಗಿದೆ. ನನ್ನ ಕೈ ನಡುಗಲಿಲ್ಲವೆಂಬುದನ್ನು ಇಲ್ಲಿ ದಾಖಲಿಸುವುದು ನ್ಯಾಯ.

ನನ್ನದು ಮೂವತ್ತು ಪೌಂಡಿಗೆ ಅರಚುತ್ತ ಓಡಿತು. ಅವನದು ಗಾಳಿ ತಾಗಿದೊಡನೆ ಬಿಕ್ಕಿ, ಅರ್ಧ ಸುತ್ತು ಹಿಮ್ಮುಖವಾಗಿ ಹೊರಳಿ ನಿಂತಿತು. ಸಭೆ ನಕ್ಕಿತು. ಅಧ್ಯಕ್ಷರು, “ಏನ್ರೀ, ಹಲ್ಲು ಕಿರೀತಿದೆಯಲ್ಲ!” ಎಂದರು. ಅವನು ನಗಲಿಲ್ಲ. ಕಡ್ಡಿ ಕಚ್ಚಿ, ಗಾಲಿಯನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿ ಆಲಿಸಿದ. ಬಳಿಕ ಬಿಲ್ಲೆಯ ಬಳಿ ಬಗ್ಗಿ ಬಹಳ ಹೊತ್ತು ನೋಡಿ, ತಲೆಯೆತ್ತಿ ನೇರವಾಗಿ ನನ್ನತ್ತ ತಿರುಗಿದ.

“ಭಾವ, ನೀವು ಮುಟ್ಟಿದ್ರಾ?”

ನಾನು ನಡವಳಿಯ ಪುಸ್ತಕ ತೆರೆದು ತಾರೀಖು ಬರೆಯತೊಡಗಿದೆ. ಅವನೇ ಮುಂದುವರಿಸಿದ:

“ತಿರುಪಿನ ಮೇಲೆ ಒಂದು ಗೀರೂ ಇಲ್ಲ. ಇಷ್ಟು ನಾಜೂಕು ಕೈ ನಿಮ್ಮದೇ. ಸ್ವಲ್ಪ ಹಿಂದೆ ಸರಿಸಿದ್ರೆ ಗಾಳಿ ಇನ್ನೂ ಉಳಿಯುತ್ತೆ ಅಂತ ತಾನೇ? ನನಗೆ ಹೊಳೆದೇ ಇರಲಿಲ್ಲ ನೋಡಿ! ಆದ್ರೆ ಅಷ್ಟೊಂದು ಬೇಡ ಭಾವ, ಒಂದು ಕೂದಲೆಳೆ ಸಾಕು.”

ಬಿಲ್ಲೆಯನ್ನು ಮುಂದಕ್ಕೆ ತಂದ, ಮೊದಲಿದ್ದ ಸ್ಥಾನಕ್ಕಿಂತ ಕೂದಲೆಳೆಯಷ್ಟು ಹಿಂದೆ ನಿಲ್ಲಿಸಿದ. ಎಂಜಿನ್ ಮೂರೂವರೆ ಪೌಂಡಿಗೆ ಓಡಿತು. ಚಪ್ಪಾಳೆಯ ನಡುವೆ ಅವನು, “ಕೊನೇ ಅರ್ಧ ಪೌಂಡು ಭಾವನದು, ಅವರ ಹೆಸರೂ ಹಾಕಿ” ಎಂದು ಹಟ ಹಿಡಿದ. ಸಭೆ ಒಪ್ಪಿತು. ನಡವಳಿಯನ್ನು ಬರೆದವನು ಕಾರ್ಯದರ್ಶಿ. ಕಾರ್ಯದರ್ಶಿ ಅದನ್ನು ತಿದ್ದಲಿಲ್ಲ. ತೇಗದ ಹಲಗೆಯ ಮೇಲೆ ಈಗಲೂ ನಮ್ಮಿಬ್ಬರ ಹೆಸರುಗಳು ಒಂದೇ ಸಾಲಿನಲ್ಲಿವೆ.

ಅವನಿಗೆ ನಿಜ ತಿಳಿದಿತ್ತೇ ಎಂದು ಎಷ್ಟೋ ವರ್ಷ ಯೋಚಿಸಿದೆ. ತಿಳಿದಿರಲಿಲ್ಲವೆಂದೇ ಈಗ ನಂಬಿದ್ದೇನೆ, ಅದೇ ಹೆಚ್ಚು ನೋಯಿಸುತ್ತದೆ. ತಮ್ಮ ಕೆಲಸದಲ್ಲಿ ಸಂಪೂರ್ಣ ಮುಳುಗಿದ ಈ ಜಾತಿಯ ಜನರಿಗೆ ಪ್ರತಿಸ್ಪರ್ಧಿ ಎಂಬವನು ಕಾಣಿಸುವುದೇ ಇಲ್ಲ. ಹಾಳುಗೆಡವಲು ಬಂದ ಕೈಯನ್ನೂ ಅವರು ನೆರವಿಗೆ ಬಂದ ಕೈಯೆಂದು ಹಿಡಿದುಕೊಳ್ಳುತ್ತಾರೆ. ಅಂಥವರೊಡನೆ ಜಗಳವಾಡಲಾಗದು. ಜಗಳವೇ ಆಗದಿದ್ದ ಮೇಲೆ ರಾಜಿಯಾಗುವುದಾದರೂ ಹೇಗೆ?