ಹೊಸ್ತಿಲ ಬೆನ್ನು

ಕಳಕವ್ವನ ಹಿತ್ತಲಿನ ದ್ರಾಕ್ಷಿ ಬಳ್ಳಿ ತಾನಾಗಿ ಸತ್ತದ್ದಲ್ಲ, ಅದನ್ನು ಕೊಂದದ್ದು. ಕೊಂದವಳು ಅವಳ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಹನಮಂತವ್ವ. ಅಂತೂರ ಬೆಂತೂರಿನಲ್ಲಿ ಇಬ್ಬರೂ ಒಂದೇ ಮನೆಗೆ ಸೊಸೆಯಾಗಿ ಬಂದವರು. ಪಾಲಾದಾಗ ಹಳೆಯ ಕಲ್ಲಿನ ಮನೆ ಹಿರಿಯನಿಗೆ ಹೋಯಿತು. ಹಿಂದಿನ ದನದ ಕೊಟ್ಟಿಗೆ ಮತ್ತು ದ್ರಾಕ್ಷಿ ಚಪ್ಪರವಿದ್ದ ಹಿತ್ತಲು ಕಳಕವ್ವನ ಗಂಡನ ಪಾಲಿಗೆ ಬಂದವು. ಕೊಟ್ಟಿಗೆಯನ್ನೇ ಮನೆ ಮಾಡಿಕೊಳ್ಳಬೇಕಾದರೂ ಕಳಕವ್ವ ಚಕಾರ ಎತ್ತಲಿಲ್ಲ, ಚಪ್ಪರ ತನ್ನದಾಯಿತಲ್ಲ ಎಂದು ಹಿಗ್ಗಿದಳು. ಆ ಹಿಗ್ಗನ್ನೇ ಹನಮಂತವ್ವನಿಗೆ ನೋಡಲಾಗಲಿಲ್ಲ. ಒಂದು ದಿನ ಬಚ್ಚಲ ಹಂಡೆಯಿಂದ ಕುದಿಯುವ ನೀರನ್ನು ಕೊಡಗಟ್ಟಲೆ ತಂದು ಬಳ್ಳಿಯ ಬುಡಕ್ಕೆ ಸುರಿದಳು. ಹಾಡಹಗಲೇ, ಓಣಿಯವರು ನೋಡುತ್ತಿರುವಾಗಲೇ. ಯಾಕೆಂದು ಕೇಳಿದರೆ, "ಇರಿವಿ ಬಂದಿದ್ವು," ಅಂದಳು.

ಕಳಕವ್ವ ಅವತ್ತು ಅವಳ ಬಾಗಿಲ ಮುಂದೆ ನಿಂತು ಒಂದೇ ಮಾತು ಹೇಳಿದಳು. "ಇನ್ನ ನಿಮ್ಮ ಹೊಸ್ತಿಲಾ ತುಳದ್ರ ನಾ ನಮ್ಮಪ್ಪನ ಮಗಳಲ್ಲ."

"ನಿನ್ನ ಹಿತ್ತಲಕ್ಕ ಬಂದ್ರ ನನ್ನ ಕಾಲ ಮುರೀಲಿ," ಎಂದಳು ಒಳಗಿನಿಂದ ಹನಮಂತವ್ವ.

ಇಬ್ಬರ ಗಂಡಂದಿರೂ ತೀರಿಕೊಂಡರು, ಮಕ್ಕಳು ದೊಡ್ಡವರಾದರು, ಆ ಎರಡು ಮಾತಿಗೆ ಮಾತ್ರ ವಯಸ್ಸಾಗಲಿಲ್ಲ. ಭಾವ ಸತ್ತಾಗಲೂ ಕಳಕವ್ವ ಓಣಿಯಲ್ಲೇ ನಿಂತು ಕೈಮುಗಿದು ಬಂದಳು.

ಅವಳ ಮಗ ಸಿದ್ದರಾಮನದು ಬೆಟಗೇರಿಯಲ್ಲಿ ವೆಲ್ಡಿಂಗ್ ಅಂಗಡಿ. ಈ ಸಲ ಅವನೇ ಮನಸ್ಸು ಮಾಡಿ, ಹಿತ್ತಲಲ್ಲಿ ಉಳಿದಿದ್ದ ಕಲ್ಲುಕಂಬಗಳ ಮೇಲೆ ಕಬ್ಬಿಣದ ಪೈಪು ಕೂರಿಸಿ, ತಂತಿ ಎಳೆದು ಚಪ್ಪರವನ್ನು ಮತ್ತೆ ಎಬ್ಬಿಸಿದ. ಅವ್ವ ಮೊದಲೇ ನೆಟ್ಟು ಬೆಳೆಸಿದ್ದ ಹೊಸ ಬಳ್ಳಿ ಕಂಬ ಹಿಡಿದು ಮೇಲೇರಿತು. ಉಳಿದದ್ದು ನೆಲ. ಮಳೆ ಬಂದರೆ ಅಲ್ಲಿ ಪಾದ ಮುಳುಗುವಷ್ಟು ಕೆಸರು.

"ಯವ್ವಾ, ಸಿಮೆಂಟಿನ ಪೇವರ್ಸ್ ಹಾಕಿಬಿಡೂಣು," ಅಂದ ಸಿದ್ದರಾಮ. ಅವು ಬಿಸಿಲಿಗೆ ಕಾಯುತ್ತವೆ ಅಂದಳು. ಟೈಲ್ಸ್ ಜಾರುತ್ತವೆ ಅಂದಳು. ಮಗ ಬೇಸತ್ತು, ಕೆಡವಿದ ಮನೆಗಳ ಸಾಮಾನು ಮಾರುವ ಖಲೀಲನ ಹತ್ತಿರ ಕರೆದೊಯ್ದ. ಅಲ್ಲಿ ತೊಲೆ, ಬಾಗಿಲುಗಳ ರಾಶಿಯ ಹಿಂದೆ ನೆಲಕ್ಕೆ ಹಾಸುವ ಪರಸಿ ಕಲ್ಲುಗಳನ್ನು ಸಾಲಾಗಿ ಒರಗಿಸಿದ್ದರು. ಪಕ್ಕದಲ್ಲೊಂದು ಉದ್ದನೆಯ ಕಲ್ಲು, ನಡುವೆ ಸವೆದು ತಗ್ಗಾದದ್ದು. ಅದರ ಅಂಚಿಗೆ ಅರಿಷಿಣ ಇನ್ನೂ ಹಿಡಿದಿತ್ತು.

ಕಳಕವ್ವನಿಗೆ ಗುರುತು ಹತ್ತಲು ತಡವಾಗಲಿಲ್ಲ. ಮದುವೆಯಾಗಿ ಬಂದ ದಿನ ಅಕ್ಕಿಯ ಸೇರು ಒದ್ದು ಅವಳು ದಾಟಿದ ಹೊಸ್ತಿಲು ಅದು. ಹನಮಂತವ್ವನ ಮಗ ಹಳೆ ಮನೆ ಕೆಡವಿ ಹೊಸದು ಕಟ್ಟಿಸುತ್ತಿರುವುದು ಊರಿಗೇ ಗೊತ್ತಿತ್ತು. ಅದರ ಪಡಸಾಲೆಯ ಪರಸಿ, ಹೊಸ್ತಿಲು ಇಲ್ಲಿಗೆ ಬಂದದ್ದು ಮಾತ್ರ ಅವಳಿಗೆ ಈಗ ಗೊತ್ತಾಯಿತು.

"ಈ ಪರಸಿ ಬೇಕು. ಹೊಸ್ತಿಲಾನೂ ಬೇಕು," ಅಂದಳು.

"ನೆಲಕ್ಕ ಹಾಸಾಕ ಹೊಸ್ತಿಲಾ ಯಾರೂ ಒಯ್ಯಂಗಿಲ್ರಿ ಅವ್ವಾರ," ಎಂದು ಖಲೀಲ ಅನುಮಾನಿಸಿದ.

"ನಾ ಒಯ್ತೀನಿ. ಮುಸುರಿ ತಿಕ್ಕಾಕ ಛಲೋ ಆಕ್ಕೈತಿ."

ಸೇಡು ಅಂದರೆ ಇದು ನೋಡಿ. ಜಡೆ ಹಿಡಿದು ಎಳೆದಾಡಲಿಲ್ಲ, ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಹನಮಂತವ್ವ ದಿನಾ ಅರಿಷಿಣ ಕುಂಕುಮ ಹಚ್ಚಿ ಕೈಮುಗಿದ ಕಲ್ಲಿನ ಮೇಲೆ ಇನ್ನು ಕಳಕವ್ವನ ಮನೆಯ ಎಂಜಲು ನೀರು ಹರಿಯಬೇಕು! ಕಲ್ಲು ಹಾಸಿದ ಮೇಲೆ ಅವಳು ಬೇಕೆಂದೇ ಚಪ್ಪಲಿ ಮೆಟ್ಟಿಕೊಂಡು ಹಿತ್ತಲಿಗೆ ಹೋಗತೊಡಗಿದಳು. ಹಾಲಿನವಳಿಗೆ ತೋರಿಸಿದಳು, ಬಳೆಗಾರ್ತಿಗೆ ತೋರಿಸಿದಳು. ಸುದ್ದಿ ಮುಟ್ಟಬೇಕಾದಲ್ಲಿಗೆ ಮುಟ್ಟಿತು.

"ಹೊಸ್ತಿಲಾ ಮಾರಬ್ಯಾಡಂತ ದೊಡ್ಡತ್ತಿ ಮಗನ ಮುಂದ ಅತ್ತಿದ್ರಂತ್ರಿ," ಎಂದಳು ಸೊಸೆ ಭಾಗ್ಯಾ, ಮೆಲ್ಲಗೆ.

"ಅಳ್ಲಿ ಬಿಡು. ನಾ ಅತ್ತಾಗ ಯಾರ ಬಂದಿದ್ರು?" ಅಂದಳು ಕಳಕವ್ವ. ಅವಳ ಹೊಟ್ಟೆ ತಣ್ಣಗಾಗಿತ್ತು.

ಬಳ್ಳಿ ಮೊದಲ ಗೊಂಚಲು ಬಿಟ್ಟ ದಿನಗಳಲ್ಲಿ ಒಂದು ಮಧ್ಯಾಹ್ನ ಹಿತ್ತಲ ಬಾಗಿಲು ಕಿರ್ರೆಂದಿತು. ಹನಮಂತವ್ವ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಚಪ್ಪರದ ಕೆಳಗೆ ಕಾಲು ಚಾಚಿ ಕುಳಿತಳು.

"ಯಕ್ಕಾ, ಕಾಲ ಮುರದಾವು, ಜ್ವಾಕಿ," ಅಂದಳು ಕಳಕವ್ವ.

"ಯಾಕ ಮುರೀತಾವ? ನಾ ನಿನ್ನ ಹಿತ್ತಲದಾಗ ಎಲ್ಲಿ ಅದೀನಿ? ನಮ್ಮ ಪಡಸಾಲ್ಯಾಗ ಕುಂತೀನಿ." ಹನಮಂತವ್ವ ಪರಸಿಯನ್ನು ಅಂಗೈಯಿಂದ ಸವರಿದಳು. "ನಿಂದ ಹೇಳು. ನಮ್ಮ ಹೊಸ್ತಿಲಾ ತುಳಿಯಂಗಿಲ್ಲ ಅಂದಿದ್ದಿ. ಈಗ ದಿನಾ ಎಷ್ಟ ಸಲ ತುಳೀತಿ? ನಿಮ್ಮಪ್ಪನ ಮಗಳು ಹೌದೋ, ಅಲ್ಲೋ?"

ಹನಮಂತವ್ವ ಕೈ ಚಾಚಿ ಎರಡು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು, "ಹುಳಿ ಅದಾವ," ಅಂದಳು. ಏಳುವಾಗ, "ನಾಳೆ ಅಮಾಸಿ. ಹೊಸ್ತಿಲಾ ಪೂಜಾ ಮಾಡಾಕ ಬರ್ತೀನಿ, ಮುಸುರಿ ತಗದಿಡು," ಎಂದು ಹೇಳಿ ಹೋದಳು.

ಅವತ್ತು ರಾತ್ರಿಯೆಲ್ಲ ಕಳಕವ್ವ ಅದನ್ನೇ ಮೆಲುಕು ಹಾಕಿದಳು. ಇಷ್ಟು ವರ್ಷ ಕಾಪಾಡಿಕೊಂಡ ಮಾತನ್ನು ತಾನೇ ದುಡ್ಡು ಕೊಟ್ಟು ಮುರಿದುಕೊಂಡಿದ್ದಳು, ಅದೂ ಚಪ್ಪಲಿ ಮೆಟ್ಟಿಕೊಂಡು! ನಾಳೆ ಊರೆಲ್ಲ ನಗುತ್ತದೆ. ಕಲ್ಲು ಕಿತ್ತು ಎಸೆಯೋಣವೇ ಎಂದ ಮಗನಿಗೆ, "ಒಗದ್ರ ಅಕಿ ಗೆದ್ದಂಗ," ಎಂದು ಗದರಿದಳು.

ಬೆಳಗಾದ ಕೂಡಲೇ ಗೌಂಡಿಯನ್ನು ಕರೆಸಿದಳು. "ಎಲ್ಲಾ ಹೊಳ್ಳಿಸಿ ಹಾಕು. ಮ್ಯಾಲಿಂದು ಕೆಳಗ."

"ಹಿಂದಿನ ಬಾಜು ಉಳಿ ಮುಟ್ಟಿಲ್ರಿ ಯವ್ವಾ, ಕಾಲಿಗೆ ಚುಚ್ಚತೈತಿ," ಎಂದ ಅವನು.

"ಚುಚ್ಚಲಿ. ಹೊಟ್ಟ್ಯಾಗ ಚುಚ್ಚೂದಕ್ಕಿಂತ ಛಲೋ."

ಹಾರೆ ಹಾಕಿ ಒಂದೊಂದೇ ಕಲ್ಲು ಮಗುಚಿದರು. ಕೊನೆಗೆ ಹೊಸ್ತಿಲು ಉಳಿಯಿತು. ಅದರ ನಡುವಿನ ತಗ್ಗನ್ನು ಕಳಕವ್ವ ನೋಡಿದಳು. ಆ ಸವೆತದಲ್ಲಿ ತನ್ನ ಪಾದದ ಪಾಲೂ ಇತ್ತು. ಬೇಡ ಅನ್ನುವಂತೆ ಕೈ ಮೇಲೆದ್ದಿತು. ಅಷ್ಟರಲ್ಲಿ ಬಿಸಿನೀರಿಗೆ ಬೆಂದು ಜೋತುಬಿದ್ದ ಎಲೆಗಳು ಕಣ್ಣ ಮುಂದೆ ಬಂದವು. "ಅದನ್ನೂ ಹೊಳ್ಳಿಸು," ಅಂದಳು.

ಹನಮಂತವ್ವ ಹೇಳಿದಂತೆಯೇ ಬಂದಳು. ತಟ್ಟೆಯಲ್ಲಿ ಹೂವು, ಊದಿನಕಡ್ಡಿ, ಬಾಳೆಹಣ್ಣು ಇದ್ದವು. ಒಳಗೆ ಕಾಲಿಡಬೇಕೆಂದವಳು ಮಗುಚಿದ ಕಲ್ಲು ನೋಡಿ ಬಾಗಿಲಲ್ಲೇ ನಿಂತಳು.

"ಹೊಸ್ತಿಲಾ ಎಲ್ಲೈತಿ?"

"ಇಲ್ಲೇ ಐತಿ ಯಕ್ಕಾ. ಮಣ್ಣಾಗ ಮುಖಾ ಇಟ್ಟು ಮಲಗೈತಿ. ನಾ ತುಳಿಯೂದು ಅದರ ಬೆನ್ನ."

ಹನಮಂತವ್ವ ನಗಲಿಲ್ಲ. ನಿನ್ನೆಯ ಮಾತು ಅಣಕಕ್ಕೆ ಆಡಿದ್ದಿರಬಹುದು, ಇವತ್ತಿನ ತಟ್ಟೆ ಅಣಕಕ್ಕೆ ತಂದದ್ದಾಗಿರಲಿಲ್ಲ. ಅವಳ ದನಿ ಸಣ್ಣದಾಯಿತು. "ಅದೊಂದ ಹೊಳ್ಳಿಸ ತಂಗಿ. ಹೊಸಾ ಮನ್ಯಾಗ ಹೊಸ್ತಿಲಾನ ಇಟ್ಟಿಲ್ಲ ನನ್ನ ಮಗ, ಬರೇ ಟೈಲ್ಸು. ಎಲ್ಲಿ ಹಚ್ಚಲಿ ಅರಿಷಿಣ?"

ಪಾಲಾದ ಮೇಲೆ ಅವಳ ಬಾಯಲ್ಲಿ ತಂಗಿ ಅನ್ನುವ ಮಾತು ಬಂದದ್ದು ಇದೇ ಮೊದಲು. ಭಾಗ್ಯಾ ಅತ್ತೆಯ ಮುಖ ನೋಡಿದಳು. ಕಳಕವ್ವ ಒಂದು ಗೊಂಚಲು ಕಿತ್ತುಕೊಂಡು, ಚೂಪಾದ ಕಲ್ಲಿನ ಮೇಲೆ ನಿಧಾನವಾಗಿ ಕುಳಿತಳು.

"ಬ್ಯಾಡ ಯಕ್ಕಾ. ಹೊಳ್ಳಿಸಿದ್ರ ಇರಿವಿ ಬರ್ತಾವ."

ಹನಮಂತವ್ವ ತಟ್ಟೆಗೆ ಸೆರಗು ಮುಚ್ಚಿಕೊಂಡು ತಿರುಗಿದಳು. ಅವಳು ಓಣಿಯ ಮೂಲೆ ದಾಟುವವರೆಗೂ ಕಳಕವ್ವ ಒಂದೊಂದೇ ಹಣ್ಣು ತಿನ್ನುತ್ತ ಕುಳಿತಿದ್ದಳು. ಕಲ್ಲು ಚುಚ್ಚುತ್ತಿತ್ತು, ಆದರೂ ಅತ್ತಿತ್ತ ಸರಿಯಲಿಲ್ಲ. ಆಮೇಲೆ ಸೊಸೆಯ ಕಡೆಗೆ ಕೈ ಚಾಚಿ, "ಎಬ್ಬಸವಾ, ಏಳಾಕ ಆಗವಲ್ದು," ಅಂದಳು. ಹಣ್ಣು ನಿಜವಾಗಿಯೂ ಹುಳಿಯಾಗಿದ್ದವು.