ಇಳಿದರೂ ಇಲ್ಲ, ಏರಿದರೂ ಇಲ್ಲ

ಮಾಯಾಳ ಹೊಟ್ಟೆ ಗುಡಾಣದಂತೆ ಉಬ್ಬಿತ್ತು. ಕೈಕಾಲು ಕಡ್ಡಿ. ಶಾಲೆಯ ಮೆಟ್ಟಿಲು ಹತ್ತಿದರೆ ಏದುಸಿರು. ಯಮಕನಮರಡಿಯ ಜನ ಜಂತು ಎಂದರು. ಜಂತಿನ ಔಷಧ ಕುಡಿದು ಹುಡುಗಿ ಇನ್ನಷ್ಟು ಸೊರಗಿದಳು.

ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರು ಪತ್ತೆ ಹಚ್ಚಿದರು. ಅಪ್ಪ ಅವ್ವ ಇಬ್ಬರ ಕಡೆಯಿಂದಲೂ ಹುಟ್ಟಿನಲ್ಲೇ ಬಂದ ರೋಗ. ಒಂದು ಬಗೆಯ ಕೊಬ್ಬು ಕರಗದೆ ಹೊಟ್ಟೆಯೊಳಗೆ ಕೂಡುತ್ತದೆ. ರೋಗ ಎಷ್ಟಿದೆ ಎಂಬುದನ್ನು ರಕ್ತದಲ್ಲಿನ ಒಂದು ಅಂಕಿ ಹೇಳುತ್ತದೆ. ಹದಿನೈದು ದಿನಕ್ಕೊಮ್ಮೆ ಸಲಾಯಿನ್ ಹಚ್ಚಿ ಔಷಧ ಕೊಟ್ಟರೆ ಅಂಕಿ ಇಳಿಯುತ್ತದೆ. ಬದುಕಿರುವ ತನಕ ಕೊಡಬೇಕು.

ಅದರ ಬೆಲೆಗೆ ಅಪ್ಪ ಶೆಟ್ಟೆಪ್ಪನ ಕುರಿ ಹಿಂಡಿನ ಜೊತೆ ಶೆಟ್ಟೆಪ್ಪನನ್ನು ಮಾರಿದರೂ ಸಾಲದು. ಸರ್ಕಾರವೇ ಕೊಡಬೇಕು. ಕೊಟ್ಟಿತು ಕೂಡ. ವರ್ಷದೊಳಗೆ ಹುಡುಗಿ ಮರಿಗಳ ಬೆನ್ನತ್ತಿ ಓಡಿದಳು. ಆಸ್ಪತ್ರೆಗೆ ಅವರನ್ನು ಒಯ್ಯುತ್ತಿದ್ದದ್ದು ನನ್ನ ಟಂಟಂ ರಿಕ್ಷಾದಲ್ಲಿ. ಕಂಡದ್ದನ್ನೇ ಹೇಳುತ್ತಿದ್ದೇನೆ.

ಅಂಕಿ ಇಳಿಯಿತೆಂದು ತಿಳಿದ ದಿನ ಅವ್ವ ಲಗಮವ್ವ ಕರದಂಟು ಕೊಂಡು, ಔಷಧ ಮಂಜೂರು ಮಾಡುವ ಸಾಹೇಬರಲ್ಲಿಗೆ ಹೋದಳು. ಉಪಕಾರ ಮಾಡಿದವರ ಬಾಯಿ ಸಿಹಿ ಮಾಡುವುದು ನಮ್ಮ ಪದ್ಧತಿ.

“ಅಂಕಿ ಇಳದೈತ್ರಿ ಸಾಹೇಬ್ರ. ನಿಮ್ಮ ಪುಣ್ಯಾ.”

ಸಾಹೇಬರು ಕರದಂಟು ತಿಂದರು. ವರದಿ ನೋಡಿದರು.

“ಚಲೋ ಆತ ಬಿಡವ್ವಾ. ಆರಾಮ ಆದವ್ರಿಗೆ ಔಷಧ ಯಾಕ?”

“ಬಿಡಬಾರದಂತ ಡಾಕ್ಟರು ಹೇಳ್ಯಾರ್ರಿ.”

“ಮಂಜೂರಿ ಕೊಡಾವ ಡಾಕ್ಟರ ಅಲ್ಲ, ನಾನು.”

ಔಷಧ ನಿಂತುಹೋಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ.

ಆರು ತಿಂಗಳಲ್ಲಿ ಹೊಟ್ಟೆ ಮತ್ತೆ ಉಬ್ಬಿತು. ಅಂಕಿ ಮೊದಲಿಗಿಂತ ಮೇಲೇರಿತು. ಈ ಸಲ ಗಂಡ ಹೆಂಡತಿ ಕೂಡಿ ಹೋದರು.

“ಏರೈತಲ್ಲ,” ಎಂದರು ಸಾಹೇಬರು. “ಅಂದ್ರ ಈ ಔಷಧ ಈಕಿಗೆ ನಾಟಿಲ್ಲ. ನಾಟದ ಔಷಧಕ್ಕ ಸರ್ಕಾರದ ರೊಕ್ಕ ಹಾಕಾಕ ಬರಾಂಗಿಲ್ಲ.”

“ಇಳದ್ರೂ ಇಲ್ಲ, ಏರಿದ್ರೂ ಇಲ್ಲ. ಮತ್ತ ಯಾವಾಗ ಕೊಡ್ತೀರ್ರಿ?”

“ನಿಯಮ ನಾ ಮಾಡಿಲ್ಲವ್ವಾ.”

ಟಂಟಂನಲ್ಲಿ ಲಗಮವ್ವ ತನ್ನನ್ನೇ ಬೈದುಕೊಂಡಳು. “ನಾ ಯಾಕ ಹೋಗಿ ಹೇಳಿದ್ನೊ ಅಣ್ಣಾ. ಸುಮ್ಮನಿದ್ರ ಔಷಧ ಆದ್ರೂ ಸಿಗತಿತ್ತು.” ಸುದ್ದಿಯನ್ನು ಹಾದಿಯಲ್ಲಿ ಸಿಕ್ಕ ಕುರುಬರಿಗೆಲ್ಲ ಹೇಳಿದೆ.

ಕೊಯ್ಲಾದ ಹೊಲದಲ್ಲಿ ಕುರಿ ತರುಬಿ, ಅಂದರೆ ರಾತ್ರಿ ಕೂಡಿಹಾಕಿ, ಹಿಕ್ಕೆಯ ಗೊಬ್ಬರ ಮಾಡಿಕೊಡುವುದು ಅವರ ಕಸುಬು. ಈ ಸಲ ಸಾಹೇಬರ ಕಚೇರಿಯ ಅಂಗಳದಲ್ಲಿ ಗೂಟ ಜಡಿದು, ಬಲೆ ಕಟ್ಟಿ, ಕುರಿ ತರುಬಿದರು. ಸಾಹೇಬರ ಜೀಪು ಕುರಿಗಳ ನಡುವೆ ಸಿಕ್ಕಿಬಿತ್ತು. ಮಗಳನ್ನು ಮಡಿಲಿಗೆ ಹಾಕಿಕೊಂಡು ಲಗಮವ್ವ ಮೆಟ್ಟಿಲ ಮೇಲೆ ಕೂತಳು.

“ಏನಿದು?” ಸಾಹೇಬರು ಕಿಟಕಿಯಿಂದ ಕೇಳಿದರು.

“ಕುರಿ ತರುಬೇವ್ರಿ,” ಎಂದ ಶೆಟ್ಟೆಪ್ಪ. “ಹೊಲದಾಗಾದ್ರ ಬೆಳಿ ಬರತೈತಿ. ಇಲ್ಲಿ ಏನ್ ಬರತೈತಿ ನೋಡೂಣಂತ.”

“ಪೊಲೀಸರನ್ನ ಕರಸ್ತೀನಿ.”

“ಕರಸ್ರಿ. ಇಳದ್ರ ಯಾಕ ಕೊಡಾಂಗಿಲ್ಲ, ಏರಿದ್ರ ಯಾಕ ಕೊಡಾಂಗಿಲ್ಲ, ಅವರ ಮುಂದೂ ಹೇಳ್ರಿ.”

ಪೊಲೀಸರು ಬಂದರು. ಹಿಕ್ಕೆ ತುಳಿಯದಂತೆ ನೋಡಿ ನೋಡಿ ಹೆಜ್ಜೆ ಇಟ್ಟರು. ಕುರಿ ಎಬ್ಬಿಸಿರಿ ಎಂದರು.

ಲಗಮವ್ವ ಮಗಳ ಹೊಟ್ಟೆಯ ಮೇಲೆ ಕೈ ಇಟ್ಟಳು.

“ಮೊದಲ ಇದನ್ನ ಇಳಸ್ರಿ. ಆಮ್ಯಾಲ ಕುರಿ ಎಬ್ಬಸ್ತೇವಿ.”

ಗೇಟಿನಾಚೆ ಇನ್ನೊಂದು ಹಿಂಡು ಬಂದು ನಿಂತಿತ್ತು.