ಎಡಗಡೆಯ ಗುಂಡಿ

ಬೈಂಡಿಂಗ್ ಅಂಗಡಿಯ ಕಾಗದ ಕತ್ತರಿಸುವ ಯಂತ್ರಕ್ಕೆ ಎರಡು ಗುಂಡಿ, ಎಡಕ್ಕೊಂದು ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯುತ್ತದೆ. ಅಷ್ಟು ಹೊತ್ತು ಕೈಗಳು ಹೊರಗಿರಲಿ ಎಂದು ಮಾಡಿದ ಉಪಾಯ ಅದು. ಅಂಗಡಿ ನಡೆಸುವ ಮಾವನಿಗೆ ಇದೆಲ್ಲ ಮಕ್ಕಳಾಟ. ಎಡಗುಂಡಿ ಸದಾ ಒಳಗೇ ಕೂತಿರಲೆಂದು ಅದರ ಸಂದಿಗೆ ಬೆಂಕಿಕಡ್ಡಿ ಸಿಕ್ಕಿಸಿ, ಬಲಗೈಯಲ್ಲಿ ಒತ್ತುತ್ತ ಎಡಗೈಯಲ್ಲಿ ಹಾಳೆ ಸರಿಪಡಿಸುತ್ತ, ಇಬ್ಬರ ಕೆಲಸವನ್ನು ಒಬ್ಬನೇ ಮುಗಿಸುತ್ತಿದ್ದ. ಮೂವತ್ತೆರಡು ವರ್ಷವಾದರೂ ಹತ್ತು ಬೆರಳೂ ಇವೆ ಎಂದು ಬಂದವರಿಗೆಲ್ಲ ಬಿಡಿಸಿ ತೋರಿಸುತ್ತಿದ್ದ.

ಅಲ್ಲೇ ಪುಸ್ತಕ ಹೊಲಿಯುವ ಸೊಸೆಗೆ ಆ ಯಂತ್ರ ಕಲಿಯುವ ಆಸೆ. ಎರಡು ವರ್ಷದಿಂದ ಕೇಳುತ್ತಲೇ ಇದ್ದಳು.

"ಕೈ ಪಳಗಬೇಕು ಕಣಮ್ಮ," ಎನ್ನುತ್ತಿದ್ದ ಮಾವ. "ಯಂತ್ರ ಏನ್ ಮಾಡತ್ತೆ ಪಾಪ? ಅಪಾಯ ಇರೋದು ಹೊಸಬರ ಕೈಯಲ್ಲಿ."

"ಮುಟ್ಟದೆ ಹೇಗ್ ಪಳಗತ್ತೆ ಮಾವ? ಆ ಕಡ್ಡಿ ತೆಗೀರಿ, ನಾನೂ ಕಲೀತೀನಿ."

"ಕಡ್ಡಿ ತೆಗೆದ್ರೆ ಅದು ಕೈಲಾಗದವರ ಯಂತ್ರ."

ಸೊಸೆ ಮುಖ ಊದಿಸಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಳು. ಜಂಬದ ಜೊತೆ ಎಷ್ಟು ಹೊತ್ತು ವಾದ ಮಾಡಲಾದೀತು?

ಆ ಸೋಮವಾರ ನೋಟುಪುಸ್ತಕಗಳ ರಾಶಿಯೇ ಬಿದ್ದಿತ್ತು. ಸೊಸೆ ಕೊಟ್ಟ ಟೀ ಕುಡಿದು, ಚೆನ್ನಾಗಿದೆ ಎಂದು ಹೊಗಳಿ, ಮಾವ ಮೊದಲ ಕಟ್ಟನ್ನು ಯಂತ್ರಕ್ಕಿಟ್ಟ. ಎಡಗುಂಡಿಯ ಕಡೆ ನೋಡುವ ಅಭ್ಯಾಸ ಅವನಿಗೆ ಯಾವತ್ತೋ ತಪ್ಪಿತ್ತು. ಹಾಳೆಯೊಂದರ ಮೂಲೆ ಮಡಚಿಕೊಂಡಿತ್ತು. ಎಡಗೈ ತಾನಾಗಿ ಬ್ಲೇಡಿನ ಕೆಳಗೆ ಹೋಯಿತು, ಬಲಗೈ ಗುಂಡಿಯ ಮೇಲಿತ್ತು. ಅಷ್ಟರಲ್ಲಿ ಕಾಗದದ ಧೂಳಿಗೆ ಮೈಯೆಲ್ಲ ಅದುರುವಂಥ ಸೀನು ಬಂತು. ಬಲಗೈ ಗುಂಡಿಯನ್ನು ಒತ್ತಿಯೇಬಿಟ್ಟಿತು.

ಬ್ಲೇಡು ಇಳಿಯಲಿಲ್ಲ.

ಮಾವ ಕೈ ಹಿಂದಕ್ಕೆಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದ. ಆಮೇಲೆ ನೋಡಿದರೆ ಎಡಗುಂಡಿ ಹೊರಗೆ ಬಂದು ನಿಂತಿತ್ತು. ಪಳಗಿದ ಕೈಯಾದ್ದರಿಂದಲೇ ಅದು ಯೋಚಿಸದೆ ಬ್ಲೇಡಿನ ಕೆಳಗೆ ಹೋಗಿತ್ತು. ಹೊಸಬರ ಕೈ ಹೆದರಿಯಾದರೂ ಹೊರಗಿರುತ್ತಿತ್ತು. ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಬೆರಳು ಉಳಿದವು ಎಂದು ಖುಷಿಯಾಯಿತು.

"ಕಡ್ಡಿ ಎಲ್ಲಮ್ಮ?"

ಸೊಸೆ ಬೈಸಿಕೊಳ್ಳಲು ಸಿದ್ಧಳಾಗಿ ತಲೆ ತಗ್ಗಿಸಿದಳು. "ಬೆಳಿಗ್ಗೆ ಬೆಂಕಿಪೊಟ್ಟಣ ಖಾಲಿ ಇತ್ತು ಮಾವ. ನಿಮ್ಮ ಟೀಗೆ ಆ ಕಡ್ಡೀಲೇ ಸ್ಟವ್ ಹಚ್ಚಿದೆ."

ಮಾವ ಸ್ಟೂಲು ಎಳೆದುಕೊಂಡು ಯಂತ್ರದಿಂದ ದೂರ ಕೂತ.

"ಇಲ್ಲಿ ಬಾ. ಎರಡು ಕೈಯನ್ನೂ ಗುಂಡಿ ಮೇಲಿಡು. ಹೂಂ, ಈಗ ಒತ್ತು."

ಬ್ಲೇಡು ಇಳಿಯಿತು. ಅಂಚು ನೂಲು ಹಿಡಿದಂತೆ ನೇರವಾಗಿತ್ತು. ಸೊಸೆಯ ಮುಖ ಅರಳಿದ್ದನ್ನು ನೋಡಿ ಮಾವನಿಗೂ ಹಿತವಾಯಿತು.

"ಇನ್ನೊಂದು ಲೋಟ ಟೀ ಸಿಗತ್ತಾ?"

"ಕಡ್ಡಿ ಇಲ್ವಲ್ಲ ಮಾವ."

"ನಾನೇ ಹೋಗಿ ತರ್ತೀನಿ," ಎಂದು ಎದ್ದ. "ಪೊಟ್ಟಣ ಮಾತ್ರ ನಿನ್ನ ಹತ್ರಾನೇ ಇಟ್ಕೊ. ನನ್ನ ಕೈಗೆ ಸಿಗೋದು ಬೇಡ."